ಎದ್ದು ಕಾಣುವ ಉಡುಪು: ಕಾಮಗಾರಿಯ ಜಾಕೆಟ್ಟಿನ ಆಯ್ಕೆಯನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ಉಡುಪಿನ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಅರಮನೆಯ, ದೇವಾಲಯದ ಮತ್ತು ಸೇನೆಯ ಉಡುಪುಗಳನ್ನೇ ಕುರಿತು ಬರೆದಿದ್ದಾರೆ. ಶಿಲ್ಪಗಳಲ್ಲಿ ಕೆತ್ತಿದ, ಶಾಸನಗಳಲ್ಲಿ ಹೆಸರಿಸಿದ, ಪ್ರವಾಸಿಗಳು ವರ್ಣಿಸಿದ ವಸ್ತ್ರಗಳಿಗೆ ಆಧಾರಗಳು ದೊರೆಯುತ್ತವೆ. ದುಡಿಮೆಗಾರನ ಉಡುಪಿಗೆ ಅಂತಹ ಭಾಗ್ಯವಿಲ್ಲ. ಅದು ಹರಿಯುವ ತನಕ ಮೈಮೇಲಿದ್ದು, ಹರಿದ ಬಳಿಕ ಒರಸುವ ಬಟ್ಟೆಯಾಗಿ ಮುಗಿದುಹೋಗುತ್ತದೆ. ಹೀಗಿದ್ದರೂ ಕಳೆದ ಅರವತ್ತು ವರ್ಷಗಳಲ್ಲಿ ಹುಟ್ಟಿ ಲೋಕದ ಬಹುಭಾಗಕ್ಕೆ ಹರಡಿದ ಒಂದು ದುಡಿಮೆಯ ಉಡುಪು ಇತಿಹಾಸಕಾರನ ಗಮನಕ್ಕೆ ಯೋಗ್ಯವಾಗಿದೆ. ರಸ್ತೆ, ಸೇತುವೆ, ಕಟ್ಟಡಗಳ ಕಾಮಗಾರಿ ನಡೆಯುವಲ್ಲೆಲ್ಲ ಕಾಣಬರುವ, ಕಿತ್ತಳೆ ಅಥವಾ ಹಸಿರು ಬೆರೆತ ಹಳದಿ ಬಣ್ಣದಿಂದ ಉಜ್ಜ್ವಲವಾದ, ಬೂದುಬಣ್ಣದ ಪಟ್ಟಿಗಳನ್ನು ಹೊಲಿದಿರುವ ಜಾಕೆಟ್ಟೇ ಅದು. ನಮ್ಮ ಕೆಲಸಗಾರರು ಇದನ್ನು ಸೇಫ್ಟಿ ಜಾಕೆಟ್ ಎಂದೂ ರಿಫ್ಲೆಕ್ಟರ್ ಜಾಕೆಟ್ ಎಂದೂ ಕರೆಯುತ್ತಾರೆ.

ಈ ಜಾಕೆಟ್ಟನ್ನು ಆರಿಸುವುದು ಹೇಗೆ? ಅಂಗಡಿಯಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರ ಬೆಲೆಯದು ಮತ್ತು ಅಳತೆಯದು. ಮಾನಕಗಳ ಪುಸ್ತಕದಲ್ಲಿ ದೊರೆಯುವ ಉತ್ತರ ಚದರ ಮೀಟರುಗಳದು. ಇವೆರಡೂ ಬೇಕಾದವೇ. ಆದರೆ ಆ ಅಳತೆಗಳು ಏಕೆ ಬಂದುವು, ಈ ಬಣ್ಣಗಳೇ ಏಕೆ ನಿಂತುವು, ಜಾಕೆಟ್ಟು ಮಾಡಬಲ್ಲುದೇನು, ಮಾಡಲಾರದುದೇನು ಎಂಬುದು ಅದರ ಚರಿತ್ರೆಯನ್ನು ನೋಡಿದಲ್ಲದೆ ತಿಳಿಯುವುದಿಲ್ಲ. ಬೇರೆ ಉಡುಪುಗಳೆಲ್ಲ ತೊಟ್ಟವನಿಗಾಗಿ ಇರತಕ್ಕವು. ಚಳಿ, ಬಿಸಿಲು, ಮುಳ್ಳು, ಕಿಡಿಗಳಿಂದ ಅವನ ಮೈಯನ್ನು ಅವು ಕಾಯುತ್ತವೆ. ಈ ಜಾಕೆಟ್ಟು ಅಂತಹ ಯಾವ ಕೆಲಸವನ್ನೂ ಮಾಡುವುದಿಲ್ಲ. ಇದು ಇರುವುದು ಇನ್ನೊಬ್ಬನ ಕಣ್ಣಿಗಾಗಿ. ತೊಡುವವನೊಬ್ಬ, ನೋಡುವವನೊಬ್ಬ, ನೋಡುವವನು ನೋಡಿ ಕೈಯನ್ನು ತಡೆದರೆ ಮಾತ್ರ ತೊಟ್ಟವನಿಗೆ ರಕ್ಷಣೆ. ಆದುದರಿಂದ ಇದನ್ನು ನೋಡುವವನ ನೆಲೆಯಲ್ಲಿ ನಿಂತು ಆರಿಸಬೇಕು ಎಂಬುದು ಪ್ರಕೃತ ಲೇಖನದ ವಾದ. ಈ ತತ್ತ್ವ ನಮ್ಮ ಕಲ್ಪನೆಯಲ್ಲ. ಜಾಕೆಟ್ಟಿನ ಉತ್ಪತ್ತಿಯಲ್ಲಿಯೇ ಅಡಗಿರುವುದು.

೧. ಪೂರ್ವಸ್ಥಿತಿ

ಈ ಉಡುಪು ಮೊದಲು ನೆಲೆಗೊಂಡುದು ಕಟ್ಟಡದ ಕೆಲಸದಲ್ಲಿ ಅಲ್ಲ, ಬ್ರಿಟನ್ನಿನ ರೈಲುದಾರಿಯಲ್ಲಿ. ಆದುದರಿಂದ ಅಲ್ಲಿಂದಲೇ ಪ್ರಾರಂಭಿಸುವುದು ಉಚಿತ. ಹಳಿಗಳನ್ನು ಸರಿಪಡಿಸುವ, ಜಲ್ಲಿಯನ್ನು ತುಂಬುವ, ಮರದ ದಿಮ್ಮಿಗಳನ್ನು ಬದಲಾಯಿಸುವ ಗ್ಯಾಂಗಿನವರು ರೈಲು ಹುಟ್ಟಿದಂದಿನಿಂದಲೂ ಓಡುವ ಗಾಡಿಗಳ ನಡುವೆ ಕೆಲಸ ಮಾಡಿದವರು. ಅವರ ಉಡುಪು ಎಣ್ಣೆ, ಮಸಿ, ಧೂಳುಗಳನ್ನು ಮರೆಮಾಡುವ ಕಪ್ಪು ಅಥವಾ ಕಂದು ಬಣ್ಣದ್ದು. ಹಳಿಯ ಬದಿಯ ಜಲ್ಲಿಗೂ ಆ ಉಡುಪಿಗೂ ದೂರದಿಂದ ನೋಡುವವನಿಗೆ ಹೆಚ್ಚಿನ ಭೇದ ತೋರುತ್ತಿರಲಿಲ್ಲ. ಆದರೆ ಇದನ್ನು ಯಾರೂ ಕೊರತೆಯೆಂದು ಬಗೆಯಲಿಲ್ಲ. ಎಂಜಿನ್ ಚಾಲಕನು ಕೆಲಸಗಾರನನ್ನು ಕಾಣಬೇಕೆಂಬ ನಿರೀಕ್ಷೆಯೇ ಅಂದು ಇರಲಿಲ್ಲ. ಗಾಡಿ ಬರುವುದನ್ನು ಕೆಲಸಗಾರನೇ ಕೇಳಿ, ಕಂಡು, ಪಕ್ಕಕ್ಕೆ ಸರಿಯಬೇಕಾಗಿತ್ತು.

ಉಗಿಯ ಕಾಲದಲ್ಲಿ ಇದು ಒಂದು ಮಟ್ಟಿಗೆ ನಡೆದುಹೋಯಿತು. ಉಗಿಯ ಎಂಜಿನ್ ತನ್ನ ಬರವನ್ನು ತಾನೇ ಸಾರುತ್ತಿತ್ತು. ಅದರ ಹೊಗೆ ದೂರದಿಂದ ಕಾಣುತ್ತಿತ್ತು, ಸದ್ದು ಅದಕ್ಕೆ ಮೊದಲೇ ಕಿವಿಗೆ ಬೀಳುತ್ತಿತ್ತು. ಆದರೂ ಮರಣಗಳು ನಿಲ್ಲಲಿಲ್ಲ. ಅದರ ಫಲವಾಗಿ ೧೯೦೦ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ರೈಲ್ವೆ ನೌಕರರ ಅಪಘಾತ ನಿವಾರಣೆಯ ಕಾನೂನನ್ನು ಮಾಡಿತು. ಇದರ ಅಡಿಯಲ್ಲಿ ೧೯೦೨ರಲ್ಲಿ ರಚಿತವಾದ ನಿಯಮಗಳ ಪ್ರಕಾರ, ಹಳಿಯನ್ನು ಹೊಸದಾಗಿ ಹಾಸುವ ಅಥವಾ ದುರಸ್ತಿ ಮಾಡುವ ಕೆಲಸಕ್ಕೆ ಅಪಾಯವಿರುವ ಕಡೆ, ಬರುವ ಗಾಡಿಯ ವಿಷಯವಾಗಿ ಎಚ್ಚರಿಕೆ ಕೊಡಲು ಕಾವಲುಗಾರನೊಬ್ಬನನ್ನು ಕಂಪನಿಯು ನಿಯಮಿಸಬೇಕಾಯಿತು. ನೋಡುವ ಹೊಣೆಯಲ್ಲಿ ಒಂದು ಪಾಲು ಕೆಲಸಗಾರನಿಂದ ಮಾಲಿಕನ ಕಡೆಗೆ ಸರಿದುದು ಇಲ್ಲಿಯೇ.

ಆ ಪಾಲು ಎಷ್ಟು ಸಣ್ಣದಾಗಿತ್ತೆಂಬುದನ್ನು ತಿಳಿಯಲು ೧೯೪೬ರಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆಯ ಮುಂದೆ ಬಂದ ಒಂದು ಮೊಕದ್ದಮೆಯನ್ನು ನೋಡಬಹುದು. ಕಾನೂನಿನ ವಿದ್ಯಾರ್ಥಿಗಳು ಇದನ್ನು ಬೆರಿಮನ್ ಮೊಕದ್ದಮೆಯೆಂದು ಬಲ್ಲರು. ರೈಲುದಾರಿಯ ಸಲಕರಣೆಗಳಿಗೆ ಎಣ್ಣೆ ಹಾಕುತ್ತಿದ್ದ ಕೆಲಸಗಾರನೊಬ್ಬನು ಗಾಡಿಗೆ ಸಿಕ್ಕಿ ಮೃತನಾದನು. ಅಲ್ಲಿ ಕಾವಲುಗಾರನಿರಲಿಲ್ಲ. ಅವನ ವಿಧವೆ ಪರಿಹಾರವನ್ನು ಕೇಳಿದಳು. ನಿಯಮದಲ್ಲಿದ್ದುದು ‘ಹಾಸುವುದು ಅಥವಾ ದುರಸ್ತಿ ಮಾಡುವುದು’ ಎಂಬ ಮಾತು. ಎಣ್ಣೆ ಹಾಕುವುದು ಇದ್ದುದನ್ನು ಇದ್ದಂತೆ ಕಾಪಾಡುವ ಕೆಲಸವೇ ಹೊರತು ದುರಸ್ತಿಯಲ್ಲ. ಆದುದರಿಂದ ಕಾವಲುಗಾರನನ್ನು ನಿಲ್ಲಿಸುವ ಹೊಣೆ ಕಂಪನಿಗೆ ಇರಲಿಲ್ಲವೆಂದು ನ್ಯಾಯಮೂರ್ತಿಗಳು ಬಹುಮತದಿಂದ ತೀರ್ಪಿತ್ತರು. ಗಾಡಿಯ ಚಕ್ರಕ್ಕೆ ಹಾಸುವವನೂ ಎಣ್ಣೆ ಹಾಕುವವನೂ ಒಂದೇ. ಕಾನೂನಿಗೆ ಬೇರೆ ಬೇರೆ. ಈ ಪ್ರಸಂಗವನ್ನು ನಾವು ಲೇಖನದ ಕೊನೆಯಲ್ಲಿ ಮತ್ತೆ ನೆನೆಯಬೇಕಾಗುವುದು.

೨. ಬಣ್ಣ ಮತ್ತು ಪಟ್ಟಿ

ಜಾಕೆಟ್ಟಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಕೂಡಿವೆ; ಒಂದು ಹಗಲಿನದು, ಇನ್ನೊಂದು ಇರುಳಿನದು. ಇವೆರಡರ ಮೂಲವೂ ಬೇರೆ, ಕಾರ್ಯಕ್ರಮವೂ ಬೇರೆ. ಕೊಳ್ಳುವವರಲ್ಲಿ ಅನೇಕರು ಇವನ್ನು ಒಂದೆಂದೇ ಭಾವಿಸುವುದರಿಂದ ಇಲ್ಲಿ ಸ್ವಲ್ಪ ವಿವರ ಅಗತ್ಯ.

ಹಗಲಿನ ವಸ್ತು ಪ್ರತಿದೀಪ್ತಿಯ ಬಣ್ಣ. ಕೆಲವು ಪದಾರ್ಥಗಳು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನೂ ನೀಲಿಯ ಕಡೆಯ ಬೆಳಕನ್ನೂ ಹೀರಿಕೊಂಡು, ಕಣ್ಣಿಗೆ ಚೆನ್ನಾಗಿ ಕಾಣುವ ಹಳದಿ, ಕಿತ್ತಳೆ ಮುಂತಾದ ಬೆಳಕಾಗಿ ಹೊರಕ್ಕೆ ಬಿಡುತ್ತವೆ. ಈ ಗುಣವನ್ನು ಕುರಿತು ಕೇಂಬ್ರಿಜ್ಜಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ೧೮೫೨ರಲ್ಲಿ ಪ್ರಸಿದ್ಧ ಪ್ರಬಂಧವನ್ನು ಬರೆದನು. ಸಾಧಾರಣ ಹಳದಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹಳದಿಯ ಪಾಲನ್ನಷ್ಟೇ ಹಿಂದಕ್ಕೆ ಕೊಡುತ್ತದೆ. ಪ್ರತಿದೀಪ್ತಿಯ ಬಟ್ಟೆ ಆ ಪಾಲಿನ ಜೊತೆಗೆ ಬೇರೆ ಬೆಳಕನ್ನೂ ಹಳದಿಯಾಗಿ ಮಾರ್ಪಡಿಸಿ ಕೊಡುತ್ತದೆ. ಅದು ತಾನೇ ಉರಿಯುವಂತೆ ತೋರುವುದು ಇದರಿಂದ.

ಈ ಗುಣವನ್ನು ಬಣ್ಣದ ಡಬ್ಬಿಗೆ ಇಳಿಸಿದವರು ಅಮೆರಿಕದ ಸ್ವಿಟ್ಜರ್ ಸಹೋದರರು. ಕ್ಯಾಲಿಫೋರ್ನಿಯದ ಬಾಬ್ ಸ್ವಿಟ್ಜರ್ ೧೯೩೩ರಲ್ಲಿ ಸರಕು ಇಳಿಸುವ ಕೆಲಸದಲ್ಲಿದ್ದಾಗ ಬಿದ್ದು ತಲೆಗೆ ತೀವ್ರವಾದ ಪೆಟ್ಟು ಮಾಡಿಕೊಂಡನು. ದೃಷ್ಟಿಗೂ ಹಾನಿಯಾಗಿ ಬಹುಕಾಲ ಕತ್ತಲೆಯ ಕೋಣೆಯಲ್ಲಿ ಇರಬೇಕಾಯಿತು. ಅವನೂ ಅವನ ತಮ್ಮ ಜೋ ಸ್ವಿಟ್ಜರನೂ ತಂದೆಯ ಔಷಧದ ಅಂಗಡಿಯಲ್ಲಿ ನೇರಳಾತೀತ ದೀಪವನ್ನು ಹಿಡಿದು, ಯಾವ ಯಾವ ಪದಾರ್ಥ ಹೊಳೆಯುವುದೆಂದು ಹುಡುಕಿದರು. ತಮ್ಮನಿಗೆ ಇಂದ್ರಜಾಲದ ಆಟದಲ್ಲಿ ಆಸಕ್ತಿ. ಮೊದಲ ಬಣ್ಣಗಳು ಬಳಕೆಯಾದುದು ಆ ಆಟದ ರಂಗದ ಮೇಲೆ. ಆ ಬಳಿಕ ಹಗಲ ಬೆಳಕಿನಲ್ಲಿಯೇ ಹೊಳೆಯುವ ಬಣ್ಣಗಳು ಸಿದ್ಧವಾದುವು. ಎರಡನೆಯ ಮಹಾಯುದ್ಧದಲ್ಲಿ ನೆಲದ ಮೇಲಿನ ತಮ್ಮ ಪಡೆಗಳನ್ನು ವಿಮಾನಗಳು ಗುರುತಿಸುವಂತೆ ಈ ಬಣ್ಣದ ಬಟ್ಟೆಗಳನ್ನು ಅಮೆರಿಕದ ಸೇನೆ ಹಾಸಿತು. ವಿಮಾನವಾಹಕ ಹಡಗುಗಳಲ್ಲಿಯೂ ಇವು ಬಳಕೆಗೆ ಬಂದುವು. ಯುದ್ಧಾನಂತರ, ೧೯೪೬ರಲ್ಲಿ, ಸಹೋದರರು ಕ್ಲೀವ್‌ಲೆಂಡ್ ನಗರದಲ್ಲಿ ತಮ್ಮ ಕಂಪನಿಯನ್ನು ಸ್ಥಾಪಿಸಿದರು. ಡೇಗ್ಲೋ ಎಂಬ ಹೆಸರಿನ ಈ ಬಣ್ಣಗಳನ್ನು ಅಮೆರಿಕದ ರಸಾಯನ ವಿಜ್ಞಾನ ಸಂಘವು ೨೦೧೨ರಲ್ಲಿ ಚಾರಿತ್ರಿಕ ಮಹತ್ತ್ವದ ಸಾಧನೆಯೆಂದು ಗೌರವಿಸಿತು.

ಇರುಳಿನ ವಸ್ತು ಬೂದುಬಣ್ಣದ ಪಟ್ಟಿ. ನೇರಳಾತೀತ ಕಿರಣವೂ ಹಗಲಿನ ಬೆಳಕೂ ಇಲ್ಲದಲ್ಲಿ ಪ್ರತಿದೀಪ್ತಿಯ ಬಟ್ಟೆಗೂ ಸಾಧಾರಣ ಬಟ್ಟೆಗೂ ಭೇದವಿಲ್ಲ. ಆಗ ಕೆಲಸಕ್ಕೆ ಬರುವುದು ಬಂದ ಬೆಳಕನ್ನು ಬಂದ ದಾರಿಯಲ್ಲಿಯೇ ಹಿಂದಿರುಗಿಸುವ ಪಟ್ಟಿ. ಈ ತತ್ತ್ವವನ್ನು ರಸ್ತೆಗೆ ತಂದವರಲ್ಲಿ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನ ಪರ್ಸಿ ಶಾ ಪ್ರಸಿದ್ಧನು. ‘ಬೆಕ್ಕಿನ ಕಣ್ಣು’ ಎಂದು ಹೆಸರಾದ ರಸ್ತೆಗುಬುಟಿಗೆ ೧೯೩೪ರಲ್ಲಿ ಅವನು ಪೇಟೆಂಟು ಪಡೆದನು. ಸಣ್ಣ ಗಾಜಿನ ಮಣಿಗಳನ್ನು ಹಾಳೆಯ ಮೇಲೆ ಕೂರಿಸಿ ಅದೇ ಫಲವನ್ನು ಸಾಧಿಸುವ ಸ್ಕಾಚ್‌ಲೈಟ್ ಎಂಬ ವಸ್ತುವಿನ ಮೊದಲ ರಸ್ತೆಫಲಕ ೧೯೩೯ರಲ್ಲಿ ಅಮೆರಿಕದ ಮಿನಿಯಾಪೋಲಿಸಿನಲ್ಲಿ ನಿಂತಿತು. ಹಾಳೆಯ ಮೇಲೆ ಸಾಧ್ಯವಾದುದು ಮುಂದೆ ಬಟ್ಟೆಯ ಮೇಲೂ ಸಾಧ್ಯವಾಯಿತು.

ಇಂತು, ೧೯೫೦ರ ವೇಳೆಗೆ ಬಣ್ಣವೂ ಇತ್ತು, ಪ್ರತಿಫಲಿಸುವ ಹಾಳೆಯೂ ಇತ್ತು. ಇವು ದುಡಿಮೆಗಾರನ ಬೆನ್ನಿಗೆ ಬರಲು ಮತ್ತಷ್ಟು ವರ್ಷಗಳು ಹಿಡಿದುವು. ವಸ್ತುವಿದ್ದರೆ ಸಾಲದು, ಅದರ ಅಗತ್ಯವನ್ನು ಒಪ್ಪಿಕೊಳ್ಳುವ ಸಂದರ್ಭವೂ ಬೇಕು ಎಂಬುದಕ್ಕೆ ಇದೊಂದು ನಿದರ್ಶನ.

೩. ಗ್ಲಾಸ್ಗೋ ನಗರದ ಪ್ರಯೋಗ

ಆ ಸಂದರ್ಭವನ್ನು ತಂದುದು ವಿದ್ಯುತ್ತು. ಗ್ಲಾಸ್ಗೋ ಸುತ್ತಣ ಉಪನಗರ ರೈಲುಗಳನ್ನು ವಿದ್ಯುತ್ತಿನಿಂದ ನಡೆಸುವ ಯೋಜನೆ ೧೯೬೦ರಲ್ಲಿ ನಗರದ ಉತ್ತರ ಭಾಗದಲ್ಲಿಯೂ ೧೯೬೨ರಲ್ಲಿ ದಕ್ಷಿಣ ಭಾಗದಲ್ಲಿಯೂ ಕಾರ್ಯಗತವಾಯಿತು. ಹೊಸ ಗಾಡಿಗೆ ಹೊಗೆಯಿಲ್ಲ, ಉಗಿಯ ಆರ್ಭಟವಿಲ್ಲ; ನಿಂತಲ್ಲಿಂದ ವೇಗಕ್ಕೆ ಏರುವುದೂ ಶೀಘ್ರ. ಪ್ರಯಾಣಿಕರಿಗೆ ಸೌಖ್ಯವಾದ ಈ ಗುಣಗಳೇ ಹಳಿಯ ಮೇಲಿನ ಕೆಲಸಗಾರನಿಗೆ ವಿಪತ್ತಾದುವು. ಅವನ ಕಿವಿ ಇಷ್ಟು ಕಾಲ ಮಾಡಿಕೊಂಡು ಬಂದಿದ್ದ ಕೆಲಸ ಇನ್ನು ಸಾಗದಾಯಿತು. ಕೆಲಸಗಾರನು ಗಾಡಿಯನ್ನು ಅರಿಯುವುದು ಕಷ್ಟವಾದಾಗ, ಗಾಡಿಯ ಚಾಲಕನು ಕೆಲಸಗಾರನನ್ನು ಅರಿಯುವುದು ಅಗತ್ಯವಾಯಿತು.

೧೯೬೪ನೆಯ ಇಸವಿಯಲ್ಲಿ ಬ್ರಿಟಿಷ್ ರೈಲ್ವೆಯ ಸ್ಕಾಟಿಷ್ ವಿಭಾಗವು ಗ್ಲಾಸ್ಗೋದ ಪೊಲಕ್‌ಷೀಲ್ಡ್ಸ್ ಮತ್ತು ಎಗ್ಲಿಂಟನ್ ಸ್ಟ್ರೀಟ್ ನಡುವಣ ವಿದ್ಯುತ್ ದಾರಿಯಲ್ಲಿ ಕೆಲಸ ಮಾಡುವವರಿಗೆ ಪ್ರತಿದೀಪ್ತಿಯ ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ತೊಡಿಸಿ ಪರೀಕ್ಷಿಸಿತು. ಅವಕ್ಕೆ ‘ಫೈರ್‌ಫ್ಲೈ’, ಎಂದರೆ ಮಿಂಚುಹುಳು, ಎಂಬ ಹೆಸರಾಯಿತು. ಮಿಂಚುಹುಳು ತನ್ನ ಬೆಳಕನ್ನು ತಾನೇ ಉಂಟುಮಾಡುತ್ತದೆ, ಆ ಬಟ್ಟೆಗಾದರೋ ಸೂರ್ಯನ ಬೆಳಕು ಬೇಕು. ಆದುದರಿಂದ ಹೆಸರು ಪೂರ್ತಿಯಾಗಿ ಹೊಂದುವುದಿಲ್ಲ. ಹಾಗಿದ್ದರೂ ಕಪ್ಪು ಜಲ್ಲಿಯ ನಡುವೆ ಆ ಉಡುಪು ಮೊದಲ ಸಲ ಕಂಡವರ ಮನಸ್ಸಿಗೆ ಏನು ತೋರಿತೆಂಬುದನ್ನು ಅದು ತಿಳಿಸುತ್ತದೆ.

ಇಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದುದು ಪರೀಕ್ಷೆಯ ಕ್ರಮವನ್ನು. ಜಾಕೆಟ್ಟು ಹೇಗಿದೆಯೆಂದು ಆ ಮಾರ್ಗದ ಗಾಡಿಗಳ ಚಾಲಕರನ್ನು ಕೇಳಲಾಯಿತು. ಎಷ್ಟು ದೂರದಿಂದ, ಎಷ್ಟು ಸ್ಪಷ್ಟವಾಗಿ ಮನುಷ್ಯನು ಕಾಣುತ್ತಾನೆಂಬುದನ್ನು ಹೇಳಬಲ್ಲವರು ಅವರೇ. ಬಟ್ಟೆಯ ವರ್ತಕನಾಗಲಿ, ಕಚೇರಿಯ ಅಧಿಕಾರಿಯಾಗಲಿ ಇದನ್ನು ಮೇಜಿನ ಮೇಲೆ ಹಾಸಿ ನಿರ್ಣಯಿಸಲಾರರು. ಪ್ರಯೋಗದ ಅನಂತರ, ಲಂಡನ್ನಿನ ಯೂಸ್ಟನ್ನಿನಿಂದ ಉತ್ತರಕ್ಕೆ ಹೋಗುವ ಮಹಾಮಾರ್ಗದ ವಿದ್ಯುದೀಕರಣದಲ್ಲಿ ತೊಡಗಿದ್ದವರಿಗೆ ಇಂತಹ ಜಾಕೆಟ್ಟುಗಳನ್ನು ಕೊಡಲಾಯಿತು. ಆ ಮಾರ್ಗದಲ್ಲಿ ಪೂರ್ಣ ವಿದ್ಯುತ್ ಸಂಚಾರ ಪ್ರಾರಂಭವಾದುದು ೧೯೬೬ರ ಏಪ್ರಿಲಿನಲ್ಲಿ. ಬ್ರಿಟನ್ನಿನ ರೈಲುದಾರಿಯಲ್ಲಿ ಕಿತ್ತಳೆ ಬಣ್ಣವೇ ನಿಯಮವಾಗಿ ನಿಂತಿತು.

೪. ಕಾನೂನು ಮತ್ತು ಮಾನಕ

ರೈಲುದಾರಿಯಿಂದ ಜಾಕೆಟ್ಟು ರಸ್ತೆಗೂ ಕಟ್ಟಡದ ಕೆಲಸಕ್ಕೂ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಯುದ್ಧಾನಂತರ ಕಟ್ಟಡದ ಕೆಲಸದಲ್ಲಿ ಅಗೆಯುವ, ಎತ್ತುವ, ಸಾಗಿಸುವ ಯಂತ್ರಗಳು ತುಂಬಿಕೊಂಡುವು. ರೈಲು ಹಳಿಯನ್ನು ಬಿಟ್ಟು ಹೋಗದು. ಈ ಯಂತ್ರಗಳು ಹಿಂದಕ್ಕೂ ಮುಂದಕ್ಕೂ, ಎಡಕ್ಕೂ ಬಲಕ್ಕೂ ತಿರುಗತಕ್ಕವು. ಬ್ರಿಟನ್ನಿನಲ್ಲಿ ರೋಬೆನ್ಸ್ ಪ್ರಭುವಿನ ಸಮಿತಿ ೧೯೭೨ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅದರ ಫಲವಾಗಿ ಬಂದ ೧೯೭೪ರ ಕಾನೂನು ಕೆಲಸಗಾರರ ಆರೋಗ್ಯ ಮತ್ತು ಸುರಕ್ಷತೆಗಳನ್ನು ಸಾಧ್ಯವಾದಮಟ್ಟಿಗೆ ನೋಡಿಕೊಳ್ಳುವುದು ಮಾಲಿಕನ ಸಾಮಾನ್ಯ ಕರ್ತವ್ಯವೆಂದು ವಿಧಿಸಿತು. ೧೯೪೬ರ ಮೊಕದ್ದಮೆಯಲ್ಲಿ ನಡೆದಂತೆ ಇದು ದುರಸ್ತಿಯೋ, ಅದು ಪಾಲನೆಯೋ ಎಂದು ಪದಗಳನ್ನು ತೂಗುವ ಅವಕಾಶ ಈ ಸಾಮಾನ್ಯ ಕರ್ತವ್ಯದಿಂದ ಬಹಳ ಕುಗ್ಗಿತು. ೧೯೮೯ರಲ್ಲಿ ಯೂರೋಪಿನ ಸಮುದಾಯವು ಕೆಲಸದ ಸ್ಥಳದ ರಕ್ಷಣೆಯನ್ನು ಕುರಿತು ನಿರ್ದೇಶಗಳನ್ನು ಹೊರಡಿಸಿತು. ಎಲ್ಲರನ್ನೂ ಒಟ್ಟಿಗೆ ಕಾಯುವ ಉಪಾಯಗಳಿಗೆ ಒಬ್ಬೊಬ್ಬನ ಮೈಮೇಲಿನ ಉಪಾಯಗಳಿಗಿಂತ ಆದ್ಯತೆ ಇರಬೇಕೆಂಬುದು ಅವುಗಳಲ್ಲಿ ಸ್ಪಷ್ಟವಾಗಿ ಉಕ್ತವಾದ ತತ್ತ್ವ.

೧೯೯೪ರಲ್ಲಿ ಯೂರೋಪಿನ ಇಎನ್ ೪೭೧ ಎಂಬ ಮಾನಕವೂ ೧೯೯೯ರಲ್ಲಿ ಅಮೆರಿಕದ ಮಾನಕವೂ ಪ್ರಕಟವಾದುವು. ಸರ್ಕಾರದ ನೆರವು ಪಡೆದ ಹೆದ್ದಾರಿಗಳಲ್ಲಿ ಸಂಚಾರದ ಬದಿಯಲ್ಲಿ ಕೆಲಸ ಮಾಡುವವರೆಲ್ಲರೂ ಇಂತಹ ಉಡುಪನ್ನು ತೊಡಬೇಕೆಂಬ ನಿಯಮ ಅಮೆರಿಕದಲ್ಲಿ ೨೦೦೮ರ ನವೆಂಬರಿನಿಂದ ಜಾರಿಗೆ ಬಂದಿತು. ೨೦೧೩ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಓ ೨೦೪೭೧ ಯೂರೋಪಿನ ಹಳೆಯ ಮಾನಕದ ಸ್ಥಾನವನ್ನು ಪಡೆಯಿತು. ಇದು ಉಡುಪನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ. ಮೊದಲ ದರ್ಜೆಗೆ ೦.೧೪ ಚದರ ಮೀಟರು ಪ್ರತಿದೀಪ್ತಿಯ ಬಟ್ಟೆಯೂ ೦.೧೦ ಚದರ ಮೀಟರು ಪಟ್ಟಿಯೂ ಕನಿಷ್ಠವಾಗಿರಬೇಕು. ಎರಡನೆಯ ದರ್ಜೆಗೆ ಕ್ರಮವಾಗಿ ೦.೫೦ ಮತ್ತು ೦.೧೩; ಮೂರನೆಯದಕ್ಕೆ ೦.೮೦ ಮತ್ತು ೦.೨೦. ಬಟ್ಟೆಯ ಬಣ್ಣ ಹಳದಿ, ಕಿತ್ತಳೆಗೆಂಪು, ಕೆಂಪು ಈ ಮೂರರಲ್ಲಿ ಒಂದಾಗಿರಬೇಕು; ಪಟ್ಟಿಯ ಅಗಲ ೫೦ ಮಿಲಿಮೀಟರಿಗೆ ಕಡಿಮೆಯಿರಬಾರದು. ಮೂರನೆಯ ದರ್ಜೆಯ ಉಡುಪು ಮುಂಡವನ್ನು ಮುಚ್ಚುವುದಲ್ಲದೆ ತೋಳುಗಳನ್ನಾಗಲಿ ಉದ್ದ ಷರಾಯಿಯನ್ನಾಗಲಿ ಒಳಗೊಂಡಿರಬೇಕು. ಆದುದರಿಂದ ತೋಳಿಲ್ಲದ ಮೇಲಂಗಿಯೊಂದೇ ಎಷ್ಟು ಉತ್ತಮವಾಗಿದ್ದರೂ ಈ ಮಾನಕದ ಪ್ರಕಾರ ಎರಡನೆಯ ದರ್ಜೆಯನ್ನು ಮೀರಲಾರದು.

೫. ಆಯ್ಕೆಯ ತತ್ತ್ವಗಳು

ಮೇಲಣ ಚರಿತ್ರೆಯಿಂದ ಆಯ್ಕೆಗೆ ದೊರೆಯುವ ತತ್ತ್ವಗಳನ್ನು ಇನ್ನು ವಿವೇಚಿಸಬಹುದು. ನೋಡುವವನ ನೆಲೆಯಲ್ಲಿ ನಿಂತರೆ ಮೊದಲು ಏಳುವ ಪ್ರಶ್ನೆ ಹಿನ್ನೆಲೆಯದು. ಮನುಷ್ಯನ ಕಣ್ಣು ಹಗಲಿನಲ್ಲಿ ಹಸಿರು ಬೆರೆತ ಹಳದಿಗೆ, ಸುಮಾರು ೫೫೫ ನ್ಯಾನೋಮೀಟರ್ ತರಂಗದ ಬೆಳಕಿಗೆ, ಅತ್ಯಂತ ಸೂಕ್ಷ್ಮವಾಗಿ ಸ್ಪಂದಿಸುತ್ತದೆಂಬುದು ಸಿದ್ಧವಾದ ವಿಷಯ. ಇದರಿಂದ ಹಳದಿಯೇ ಎಲ್ಲೆಲ್ಲಿಯೂ ಶ್ರೇಷ್ಠವೆಂದು ತೀರ್ಮಾನಿಸುವುದು ಅವಸರವಾದೀತು. ಎದ್ದು ಕಾಣುವುದೆಂದರೆ ಸುತ್ತಣ ವಸ್ತುಗಳಿಂದ ಬೇರೆಯಾಗಿ ಕಾಣುವುದು. ಅಗೆಯುವ ಯಂತ್ರಗಳಿಗೆ ಹಳದಿ ಬಳಿಯುವುದು ರೂಢಿ; ಅಂತಹ ನಾಲ್ಕು ಯಂತ್ರಗಳ ನಡುವೆ ಹಳದಿಯ ಮನುಷ್ಯ ಬೇಗ ಕಣ್ಣಿಗೆ ಬೀಳನು. ಬೆಳೆದ ಹಸಿರಿನ ನಡುವೆಯೂ ಹೀಗೆಯೇ. ಅಲ್ಲಿ ಕಿತ್ತಳೆ ಮೇಲು. ಕೆಂಪು ಮಣ್ಣಿನ ಅಗೆತದಲ್ಲಿಯಾದರೋ ಕಿತ್ತಳೆ ಸೋಲುವುದು, ಹಳದಿ ಗೆಲ್ಲುವುದು.

ಎರಡನೆಯದು ಬೆಳಕಿನ ಪ್ರಶ್ನೆ. ಸಂಜೆಯಾದಂತೆ ಕೆಂಪು ಹೂ ಕಪ್ಪಾಗಿ, ಹಸಿರೆಲೆ ಬೆಳ್ಳಗೆ ತೋರುವುದನ್ನು ಬೊಹಿಮಿಯದ ಪುರ್ಕಿನ್ಯೆ ಎಂಬ ವಿದ್ವಾಂಸನು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಗುರುತಿಸಿದನು. ಬೆಳಕು ಕುಗ್ಗಿದಂತೆ ಕೆಂಪಿನ ಕಡೆಯ ಬಣ್ಣಗಳು ಮೊದಲು ಮಂಕಾಗುತ್ತವೆ. ಮುಂಜಾನೆಯೂ ಮುಸ್ಸಂಜೆಯೂ ಕೆಲಸವಿರುವಲ್ಲಿ ಇದನ್ನು ಎಣಿಸಬೇಕು. ರಾತ್ರಿಯ ಕೆಲಸದಲ್ಲಿ ಬಟ್ಟೆಯ ಬಣ್ಣ ಹೆಚ್ಚು ಕಡಮೆ ನಿಷ್ಪ್ರಯೋಜಕ. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಬಣ್ಣಭೇದವೇ ಕುಗ್ಗುವುದು. ಅಲ್ಲಿ ಭರವಸೆ ಪಟ್ಟಿಯದು.

ಮೂರನೆಯದು ನೋಡುವವನ ಸ್ಥಾನ. ಪಟ್ಟಿಯು ಬೆಳಕನ್ನು ಅದು ಬಂದ ಕಡೆಗೇ ಹಿಂದಿರುಗಿಸುವುದರಿಂದ, ದೀಪದ ಸಮೀಪದಲ್ಲಿ ಕಣ್ಣಿರುವವನಿಗೆ ಮಾತ್ರ ಅದು ಉಜ್ಜ್ವಲವಾಗಿ ಕಾಣುವುದು. ಕಾರಿನ ಚಾಲಕನು ದೀಪಗಳ ಹಿಂದೆ, ಅವಕ್ಕೆ ಸಮೀಪದಲ್ಲಿಯೇ ಕುಳಿತಿರುವನು. ಅವನಿಗೆ ಪಟ್ಟಿ ಬೆಳಗುತ್ತದೆ. ಎತ್ತರದ ಕ್ರೇನಿನಲ್ಲಿ ಕುಳಿತವನ ಕಣ್ಣು ನೆಲದ ದೀಪಗಳಿಂದ ಬಹುದೂರ. ಅವನಿಗೆ ಅದೇ ಪಟ್ಟಿ ಬರಿಯ ಬೂದು ಬಟ್ಟೆ. ದೀಪವನ್ನೇ ಹಚ್ಚದೆ ಹಿಂದಕ್ಕೆ ಸರಿಯುವ ಟಿಪ್ಪರಿನವನಿಗೂ ಹಾಗೆಯೇ. ಇಂತಹ ಕಡೆ ಜಾಕೆಟ್ಟಿಗಿಂತ ಮುಂಚೆ ಸ್ಥಳಕ್ಕೆ ದೀಪಗಳನ್ನು ಆರಿಸಬೇಕು.

ನಾಲ್ಕನೆಯದು ಆಕಾರ. ಸ್ವೀಡನ್ನಿನ ಉಪ್ಸಾಲದ ಗುನ್ನಾರ್ ಯೊಹಾನ್ಸನ್ ೧೯೭೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕತ್ತಲಲ್ಲಿ ನಡೆಯುವವನ ಕೀಲುಗಳಲ್ಲಿ ಮಾತ್ರ ಸಣ್ಣ ಬೆಳಕುಗಳಿದ್ದರೂ ನೋಡುವವರು ಕ್ಷಣಮಾತ್ರದಲ್ಲಿ ಅವನು ಮನುಷ್ಯನೆಂದು ಗುರುತಿಸಿದರು. ಎದೆಯ ಮೇಲಣ ಒಂದೇ ಹೊಳಪು ಕಲ್ಲುಕಂಬದ್ದೂ ಆಗಿರಬಹುದು, ಡ್ರಮ್ಮಿನದೂ ಆಗಿರಬಹುದು. ಚಲಿಸುವ ತೋಳುಗಳ ಮತ್ತು ಕಾಲುಗಳ ಮೇಲಣ ಪಟ್ಟಿ ಮನುಷ್ಯನದು ಮಾತ್ರ. ಮೂರನೆಯ ದರ್ಜೆಯಲ್ಲಿ ತೋಳು ಅಥವಾ ಷರಾಯಿಯನ್ನು ವಿಧಿಸಿರುವುದರ ಅರ್ಥ ಬಟ್ಟೆ ಹೆಚ್ಚಾಗಲಿ ಎಂಬುದಷ್ಟೇ ಅಲ್ಲವೆಂಬುದು ಇದರಿಂದ ವಿಶದವಾಗುವುದು. ವೇಗದ ವಾಹನಗಳ ಬದಿಯಲ್ಲಿ, ವಿಶೇಷವಾಗಿ ರಾತ್ರಿಯಲ್ಲಿ, ಕೆಲಸ ಮಾಡುವವನಿಗೆ ತೋಳಿನ ಜಾಕೆಟ್ಟನ್ನೇ ಆರಿಸುವುದು ಯುಕ್ತ.

ಐದನೆಯದು ಜಾಕೆಟ್ಟಿನ ವಯಸ್ಸು. ಪ್ರತಿದೀಪ್ತಿಯ ಬಣ್ಣ ಬಿಸಿಲಿಗೆ ಮಾಸುತ್ತದೆ. ಸಿಮೆಂಟಿನ ಧೂಳು ಪಟ್ಟಿಯ ಮಣಿಗಳನ್ನು ಮುಚ್ಚುತ್ತದೆ. ತೊಳೆದರೆ ಸವೆಯುತ್ತದೆ, ತೊಳೆಯದಿದ್ದರೆ ಕಾಣದು. ಎಷ್ಟು ಸಲ ತೊಳೆಯಬಹುದೆಂಬ ಸಂಖ್ಯೆಯನ್ನು ಉತ್ತಮ ಜಾಕೆಟ್ಟಿನ ಚೀಟಿಯಲ್ಲಿ ಬರೆದಿರುತ್ತಾರೆ. ಕೊಳ್ಳುವಾಗ ಬಣ್ಣ ಪ್ರತಿದೀಪ್ತಿಯದೋ ಬರಿಯ ಹಳದಿಯೋ ಎಂಬುದನ್ನು ಹಗಲಿನಲ್ಲಿ ನೆರಳಿಗೆ ಹಿಡಿದು, ಸಾಧಾರಣ ಹಳದಿ ಬಟ್ಟೆಯ ಪಕ್ಕದಲ್ಲಿಟ್ಟು ನೋಡಬಹುದು. ಪಟ್ಟಿಯನ್ನು ಪರೀಕ್ಷಿಸಲು ಕತ್ತಲಲ್ಲಿ ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ಹತ್ತು ಹದಿನೈದು ಹೆಜ್ಜೆಯಿಂದ ನೋಡಬೇಕು. ಬೆಳ್ಳಿಯಂತೆ ಹೊಳೆಯುವ ಎಲ್ಲ ಪಟ್ಟಿಯೂ ಬೆಳಕನ್ನು ಹಿಂದಿರುಗಿಸುವುದಿಲ್ಲ. ಕೊನೆಯದಾಗಿ, ಸಡಿಲವಾಗಿ ಜೋಲುವ ಜಾಕೆಟ್ಟು ಯಂತ್ರಕ್ಕೆ ಸಿಕ್ಕುವುದು. ಗುಂಡಿ ಹಾಕದೆ ಬಿಟ್ಟ ಜಾಕೆಟ್ಟಿನ ಪಟ್ಟಿ ಮುಂಭಾಗದಲ್ಲಿ ಕಾಣದು. ಮೈಗೆ ಹೊಂದುವ ಅಳತೆಯೂ ಸುರಕ್ಷತೆಯ ಒಂದು ಅಂಗ.

೬. ನಮ್ಮ ನಾಡಿನ ಕಾಮಗಾರಿಗಳಲ್ಲಿ

ಭಾರತದಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರನ್ನು ಕುರಿತ ಪ್ರತ್ಯೇಕ ಅಧಿನಿಯಮ ೧೯೯೬ರಲ್ಲಿ ಬಂದಿತು. ಔದ್ಯೋಗಿಕ ಸುರಕ್ಷತೆಯನ್ನು ಕುರಿತ ೨೦೨೦ರ ಸಂಹಿತೆ ಅದರ ವಿಷಯವನ್ನು ತನ್ನೊಳಗೆ ಸೇರಿಸಿಕೊಂಡಿತು. ಎದ್ದು ಕಾಣುವ ಎಚ್ಚರಿಕೆಯ ಉಡುಪಿಗೆ ಐಎಸ್ ೧೫೮೦೯ ಎಂಬ ಭಾರತೀಯ ಮಾನಕವಿದ್ದು, ಅದರ ಒಂದು ಆವೃತ್ತಿ ೨೦೧೭ರದು. ಬೆಂಗಳೂರಿನಲ್ಲಿ ೨೦೦೭ರಲ್ಲಿ ಮೊದಲಾದ ಮೆಟ್ರೋ ರೈಲಿನ ಕಾಮಗಾರಿ ನಡುರಸ್ತೆಯಲ್ಲಿ, ಓಡುವ ವಾಹನಗಳ ನಡುವೆಯೇ ನಡೆಯಿತು. ಮಹಾತ್ಮಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗಿನ ಮೊದಲ ಭಾಗ ೨೦೧೧ರ ಅಕ್ಟೋಬರಿನಲ್ಲಿ ತೆರೆಯಿತು. ಇಂತಹ ದೊಡ್ಡ ಕಾಮಗಾರಿಗಳಲ್ಲಿ ಜಾಕೆಟ್ಟು ರೂಢಿಗೆ ಬಂದಿದೆ. ಮೇಸ್ತ್ರಿಯೊಬ್ಬ ಹತ್ತು ಮಂದಿಯನ್ನು ಕೂಡಿಸಿಕೊಂಡು ಮಾಡುವ ಮನೆಯ ಕೆಲಸದಲ್ಲಿ, ಚರಂಡಿಯ ಅಗೆತದಲ್ಲಿ ಅದು ಅಪರೂಪ.

ಇಲ್ಲಿ ಆಯ್ಕೆಗೆ ಸಂಬಂಧಿಸಿದ ಎರಡು ವಿಷಯಗಳನ್ನು ಸೂಚಿಸಬಯಸುತ್ತೇವೆ. ಮೊದಲನೆಯದು ಮಣ್ಣು. ಕರಾವಳಿಯ ಮುರಕಲ್ಲಿನ ನಾಡಿನಲ್ಲಿಯೂ ಹಳೆಯ ಮೈಸೂರಿನ ಕೆಂಪು ನೆಲದಲ್ಲಿಯೂ ಅಗೆತದ ಹಿನ್ನೆಲೆ ಕೆಂಪು. ಉತ್ತರದ ಎರೆಯ ಸೀಮೆಯಲ್ಲಿ ಕಪ್ಪು. ಗ್ಲಾಸ್ಗೋದ ಕಪ್ಪು ಜಲ್ಲಿಯ ಮೇಲೆ ಜಯಿಸಿದ ಕಿತ್ತಳೆ, ಎರೆನೆಲದಲ್ಲಿ ಜಯಿಸಿದರೂ ಉಡುಪಿಯ ಗುಡ್ಡದ ಕಡಿತದಲ್ಲಿ ಜಯಿಸಲಾರದು. ಒಂದೇ ಬಣ್ಣವನ್ನು ರಾಜ್ಯಕ್ಕೆಲ್ಲ ಒಟ್ಟಿಗೆ ಕೊಳ್ಳುವುದು ಲೆಕ್ಕಕ್ಕೆ ಅನುಕೂಲ, ಕಣ್ಣಿಗಲ್ಲ.

ಎರಡನೆಯದು ಹೆಣ್ಣಾಳುಗಳ ಉಡುಪು. ಯೂರೋಪಿನ ಮಾನಕಗಳು ಷರಾಯಿ ತೊಟ್ಟ ಗಂಡಸಿನ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದುವು. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬೆಂಗಳೂರಿಗೆ ದುಡಿಯಲು ಬರುವ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿಯನ್ನು ತೊಟ್ಟು, ತಲೆಯ ಮೇಲೆ ಸಿಂಬೆಯಿಟ್ಟು ಬಾಂಡ್ಲಿಯನ್ನು ಹೊರುವರು. ಇದರ ಮೇಲೆ ತೋಳಿಲ್ಲದ ಜಾಕೆಟ್ಟನ್ನು ತೊಟ್ಟಾಗ, ತಲೆಗೆ ಹೊದ್ದ ಸೆರಗು ಬೆನ್ನಿನ ಪಟ್ಟಿಯನ್ನು ಮುಚ್ಚುವುದು. ಸೆರಗನ್ನು ಒಳಕ್ಕೆ ಸಿಕ್ಕಿಸಲು ಅನುಕೂಲವಾದ ಕತ್ತರಿಕೆಯೂ, ಅವರು ಹೇಗೂ ತೊಡುವ ಅಂಗಿಯನ್ನೇ ಪ್ರತಿದೀಪ್ತಿಯ ಬಟ್ಟೆಯಲ್ಲಿ ಪಟ್ಟಿಗಳೊಡನೆ ಹೊಲಿಸಿಕೊಡುವ ಕ್ರಮವೂ ವಿಚಾರಾರ್ಹ. ಬಿಸಿಲ ನಾಡಿನಲ್ಲಿ ಗಾಳಿಯಾಡದ ಪ್ಲಾಸ್ಟಿಕ್ಕಿನಂತಹ ಬಟ್ಟೆಯನ್ನು ಕೊಟ್ಟರೆ ಮಧ್ಯಾಹ್ನದ ವೇಳೆಗೆ ಅದು ಗೋಡೆಯ ಮೊಳೆಗೆ ಸೇರುತ್ತದೆ. ಬಲೆಯಂತಹ ಹಗುರವಾದ ಬಟ್ಟೆ ಮೈಮೇಲೆ ಉಳಿಯುತ್ತದೆ. ತೊಡುವವರನ್ನೂ ನೋಡುವವರನ್ನೂ ಕೇಳದೆ ಆರಿಸಿದ ಜಾಕೆಟ್ಟು ತನಿಖೆಯ ದಿನದ ಜಾಕೆಟ್ಟಾಗಿಯೇ ಉಳಿಯುವುದು.

೭. ಉಪಸಂಹಾರ

ಜಾಕೆಟ್ಟಿನ ಚರಿತ್ರೆ ನೋಡುವ ಹೊಣೆಯ ಚರಿತ್ರೆ. ಮೊದಲು ಆ ಹೊಣೆ ಕೆಲಸಗಾರನ ಕಣ್ಣುಕಿವಿಗಳ ಮೇಲಿತ್ತು; ೧೯೦೨ರ ನಿಯಮಗಳಿಂದ ಸ್ವಲ್ಪ ಭಾಗ ಕಾವಲುಗಾರನಿಗೆ ಬಂದಿತು; ೧೯೬೪ರ ಪ್ರಯೋಗದಿಂದ ಚಾಲಕನೂ ಅದರಲ್ಲಿ ಪಾಲುಗಾರನಾದನು. ಇದು ಮುನ್ನಡೆಯೇ ಸರಿ. ಆದರೆ ಈ ಮುನ್ನಡೆಯೊಳಗೆ ಹಿನ್ನಡೆಯ ಬೀಜವೂ ಇದೆ. ಜಾಕೆಟ್ಟು ಕಡ್ಡಾಯವಾದ ಮೇಲೆ, ಅಪಘಾತವಾದಾಗ ಮೊದಲು ಕೇಳುವ ಪ್ರಶ್ನೆ ‘ಅವನು ಜಾಕೆಟ್ಟು ಹಾಕಿದ್ದನೆ?’ ಎಂಬುದಾಗುವ ಸಂಭವವಿದೆ. ದಾರಿಯನ್ನು ಬೇರ್ಪಡಿಸಿದ್ದರೆ, ಹಿಂದಕ್ಕೆ ಸರಿಯುವ ಟಿಪ್ಪರಿಗೆ ಸನ್ನೆ ಮಾಡಲು ಒಬ್ಬನು ನಿಂತಿದ್ದನೆ, ಚಾಲಕನು ನೋಡಿದನೆ ಎಂಬ ಪ್ರಶ್ನೆಗಳು ಅನಂತರಕ್ಕೆ ಬೀಳುತ್ತವೆ. ೨೦೧೨ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನ ಮುಂದೆ, ಹಳ್ಳಿಯ ರಸ್ತೆಯಲ್ಲಿ ನಡೆದು ಹೋಗುತ್ತ ಕಾರಿಗೆ ಸಿಕ್ಕಿ ಗಾಯಗೊಂಡ ಬಾಲಕಿಯೊಬ್ಬಳು ಇಂತಹ ಜಾಕೆಟ್ಟು ತೊಡದಿದ್ದುದು ಅವಳದೇ ತಪ್ಪೆಂಬ ವಾದ ಬಂದಿತು. ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆದರೂ ಅಂತಹ ವಾದ ಹುಟ್ಟಿತೆಂಬುದೇ ವಿಚಾರಣೀಯ. ೧೯೪೬ರಲ್ಲಿ ಒಂದು ಪದದ ಅರ್ಥದಿಂದ ವಿಧವೆಯೊಬ್ಬಳಿಗೆ ಪರಿಹಾರ ತಪ್ಪಿತು. ಇನ್ನು ಮುಂದೆ ಒಂದು ಬಟ್ಟೆಯ ಅಭಾವದಿಂದ ತಪ್ಪಬಾರದು.

ಆದುದರಿಂದ ಜಾಕೆಟ್ಟಿನ ಆಯ್ಕೆ ಕೊನೆಯ ಹೆಜ್ಜೆಯಾಗಬೇಕು. ಮನುಷ್ಯರ ದಾರಿಯನ್ನೂ ಯಂತ್ರದ ದಾರಿಯನ್ನೂ ಬೇರೆ ಮಾಡಿ, ಬೆಳಕನ್ನು ಒದಗಿಸಿ, ಸನ್ನೆಗಾರನನ್ನು ನಿಲ್ಲಿಸಿ, ಅನಂತರ ಉಳಿಯುವ ಅಪಾಯಕ್ಕಾಗಿ ಜಾಕೆಟ್ಟನ್ನು ಆರಿಸತಕ್ಕದ್ದು. ಆರಿಸುವಾಗ ಗ್ಲಾಸ್ಗೋದವರು ಮಾಡಿದುದನ್ನೇ ನಾವೂ ಮಾಡಬಹುದು. ಎರಡು ಮೂರು ಬಗೆಯ ಜಾಕೆಟ್ಟುಗಳನ್ನು ಕೆಲಸಗಾರರಿಗೆ ತೊಡಿಸಿ, ಅದೇ ಸ್ಥಳದಲ್ಲಿ, ಅದೇ ಮಣ್ಣಿನ ಮುಂದೆ, ಕೆಲಸ ನಡೆಯುವ ಹೊತ್ತಿನಲ್ಲಿಯೇ ನಿಲ್ಲಿಸಿ, ಕ್ರೇನಿನವನನ್ನೂ ಟಿಪ್ಪರಿನವನನ್ನೂ ಕರೆದು ‘ಇವರಲ್ಲಿ ನಿನಗೆ ಮೊದಲು ಕಂಡವರು ಯಾರು?’ ಎಂದು ಕೇಳುವುದು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಒಂದು ಸಂಜೆಯ ಕಾಲ ಸಾಕು.